ಹಳೆಯ ಬೈಕಿನ ಪೆಟ್ರೋಲ್ ಮತ್ತು ವ್ಯಾಕ್ಯೂಮ್ ಪೈಪುಗಳ ಜೋಡಣೆ

ಸುಜುಕಿ ಜಿಎಸ್ ಸರಣಿಯ ಹಳೆಯ ಬೈಕುಗಳಲ್ಲಿರುವಂಥ ವ್ಯಾಕ್ಯೂಮ್ ಪೆಟ್ರೋಲ್ ಕಾಕ್‌ನಲ್ಲಿ (ಟ್ಯಾಂಕಿನಿಂದ ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ) ದಪ್ಪ ಮೂತಿಯಿಂದ ಪೆಟ್ರೋಲ್ ಕಾರ್ಬುರೇಟರಿಗೆ ಇಳಿಯುತ್ತದೆ. ಸಣ್ಣ ಮೂತಿಯ ವ್ಯಾಕ್ಯೂಮ್ ಪೈಪು ಇಂಜಿನ್ ಗಾಳಿ ಹೀರುವ ಎಳೆತವನ್ನು ಒಳಗಿನ ಡಯಾಫ್ರಮ್ ಎಂಬ ತೆಳು ಪೊರೆಗೆ ತಲುಪಿಸಿ ಕಾಕನ್ನು ತೆರೆಸುತ್ತದೆ.

ಹಳೆಯ ಪೈಪು ಹಿಗ್ಗಿರಬಹುದಾದ್ದರಿಂದ ಅದನ್ನು ಮಾದರಿಯಾಗಿ ಹಿಡಿಯದೆ, ಮೂತಿಯ ಹೊರವ್ಯಾಸವನ್ನೇ ವರ್ನಿಯರ್ ಎಂಬ ಅಳತೆಯ ಸಾಧನದಿಂದ ಅಳೆದು, ಅಷ್ಟೇ ಅಥವಾ ಕೂದಲೆಳೆಯಷ್ಟು ಕಡಿಮೆ ಒಳವ್ಯಾಸದ ಪೈಪನ್ನು ಕೊಳ್ಳಬೇಕು. ಸಡಿಲವಾದ ಪೈಪನ್ನು ಕ್ಲಿಪ್ ಬಿಗಿದು ಕೂರಿಸುವುದು ಅಪಾಯಕರ, ಏಕೆಂದರೆ ರಬ್ಬರ್ ಮಡಿಚಿಕೊಂಡ ಜಾಗದಲ್ಲೇ ಪೆಟ್ರೋಲ್ ಜಿನುಗುತ್ತದೆ. ಎಥನಾಲ್ ಬೆರೆತ ಪೆಟ್ರೋಲನ್ನು ತಾಳುವ ಪೈಪನ್ನೇ ಕೇಳಿ ಪಡೆಯಿರಿ. ವ್ಯಾಕ್ಯೂಮ್ ಪೈಪಿನ ಗೋಡೆ ದಪ್ಪವಾಗಿರಲಿ. ತೆಳುವಾದದ್ದು ಎಳೆತಕ್ಕೆ ಚಪ್ಪಟೆಯಾಗುತ್ತದೆ.

ಪೆಟ್ರೋಲ್ ಪೈಪು ಎಲ್ಲಿಯೂ ಮೇಲಕ್ಕೇರದೆ, ಸಿಲಿಂಡರ್ ಹೆಡ್ಡಿಗೆ ತಾಗದೆ, ಇಳಿಜಾರಾಗಿ ಹೋಗುವಷ್ಟೇ ಉದ್ದವಿರಲಿ.

ಜೋಡಿಸುವ ಮುನ್ನ ಸಣ್ಣ ಮೂತಿಯನ್ನು ತಪ್ಪದೆ ಪರೀಕ್ಷಿಸಿ: ಅಲ್ಲಿ ಪೆಟ್ರೋಲಿನ ತೇವ ಕಂಡರೆ ಡಯಾಫ್ರಮ್ ಹರಿದಿದೆ ಎಂದರ್ಥ, ಮತ್ತು ಆ ಪೆಟ್ರೋಲ್ ವ್ಯಾಕ್ಯೂಮ್ ಪೈಪಿನ ಮೂಲಕ ಸಿಲಿಂಡರಿಗಿಳಿದು ಇಂಜಿನ್ ಆಯಿಲನ್ನು ತೆಳುವಾಗಿಸಿ ಬೇರಿಂಗುಗಳನ್ನು ಹಾಳುಮಾಡಬಲ್ಲದು. ಕಾರ್ಬುರೇಟರ್ ಖಾಲಿಯಿದ್ದರೆ ಕಾಕನ್ನು ಪ್ರೈಮ್‌ಗೆ ತಿರುಗಿಸಿ ತುಂಬಿಸಿಕೊಳ್ಳಿ. ಆ ಸ್ಥಾನದಲ್ಲಿ ಇಂಜಿನ್ ನಿಂತಿದ್ದರೂ ಪೆಟ್ರೋಲ್ ಹರಿಯುವುದರಿಂದ, ಸ್ಟಾರ್ಟ್ ಆದ ಕೂಡಲೇ ಆನ್‌ಗೆ ಮರಳಿಸಬೇಕು.