ಯುದ್ಧಕಾಲದ ಬೈಕಿಗೆ ತಗಡಿನ ಡಬ್ಬದ ಏರ್ ಫಿಲ್ಟರ್

ಎರಡನೆಯ ಮಹಾಯುದ್ಧದಲ್ಲಿ ಈಜಿಪ್ಟ್ ಮತ್ತು ಲಿಬಿಯಾದ ಮರಳುಗಾಡಿಗೆ ಇಳಿದ ಸೇನಾ ಬೈಕುಗಳನ್ನು ಶತ್ರುವಿನ ಗುಂಡಿನಷ್ಟೇ ಕಾಡಿದ್ದು ದೂಳು. ಮರಳಿನಲ್ಲಿರುವ ಸ್ಫಟಿಕದ ಕಣ ಕಬ್ಬಿಣಕ್ಕಿಂತ ಗಡಸು. ಅದು ಎಂಜಿನ್ ಆಯಿಲ್‌ನಲ್ಲಿ ಬೆರೆತರೆ ಸಾಣೆಪುಡಿಯಂತಾಗಿ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಒಳಮೈಯನ್ನೂ ಸವೆಸುತ್ತದೆ. ಬ್ರಿಟಿಷರು ಬಿಎಸ್‌ಎ ಎಂ20 ಮತ್ತು ನಾರ್ಟನ್ 16ಎಚ್ ಬೈಕುಗಳ ಪೆಟ್ರೋಲ್ ಟ್ಯಾಂಕಿನ ಮೇಲೆ ವೋಕ್ಸ್ ಕಂಪನಿಯ ಏರ್ ಫಿಲ್ಟರನ್ನು ಕೂರಿಸಿ, ಹೋಸ್ ಮೂಲಕ ಕಾರ್ಬೊರೇಟರಿಗೆ, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗಕ್ಕೆ, ಗಾಳಿ ಕೊಟ್ಟರು. ಜರ್ಮನರು ಬಿಎಂಡಬ್ಲ್ಯು ಆರ್75ರ ಫಿಲ್ಟರನ್ನು ಗೇರ್‌ಬಾಕ್ಸ್ ಮೇಲಿನಿಂದ ಎತ್ತಿ ಟ್ಯಾಂಕಿನ ಮೇಲಕ್ಕೆ ತಂದರು. ಚಕ್ರ ಎಬ್ಬಿಸುವ ದೂಳು ನೆಲದ ಬಳಿಯೇ ದಟ್ಟವಾಗಿರುತ್ತದಲ್ಲ!

ಕಾರ್ಖಾನೆಯ ಫಿಲ್ಟರ್ ಇಲ್ಲದ ಕಡೆ ಡಬ್ಬ, ಬಟ್ಟೆ, ಎಣ್ಣೆಗಳಲ್ಲೇ ಕೆಲಸ ಸಾಗಿಸಬೇಕು. ಬಾಯಿ ತೆರೆದ ಕಾರ್ಬೊರೇಟರಿನ ಹಳೆಯ ಎಂ20 ಇಟ್ಟುಕೊಂಡವರು ಅಂಥ ಫಿಲ್ಟರನ್ನು ಹೀಗೆ ಮಾಡಿಕೊಳ್ಳಬಹುದು.

ಮೊದಲು ಡಬ್ಬದ ಅಳತೆ. ಎಂ20ರ 496 ಸಿಸಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆಯಂತೆ, 1500 ಸಲ ಗಾಳಿ ಎಳೆಯುತ್ತದೆ. ಪ್ರತಿ ಸಲವೂ ಸಿಲಿಂಡರ್ ಪೂರ್ತಿ ತುಂಬಿದರೆ ಅದು ನಿಮಿಷಕ್ಕೆ ಸುಮಾರು 740 ಲೀಟರ್. ಆದ್ದರಿಂದ ಒಂದೆರಡು ಲೀಟರ್ ಹಿಡಿಸುವ ತಗಡಿನ ಡಬ್ಬ ಬೇಕು. ಗಾಳಿ ಹೋಗುವ ತೂತುಗಳ ಒಟ್ಟು ವಿಸ್ತಾರ ಕಾರ್ಬೊರೇಟರಿನ ಬಾಯಿಗಿಂತ ಹಲವು ಪಟ್ಟು ಹೆಚ್ಚಿರಲಿ.

ಆಮೇಲೆ ಡಬ್ಬದೊಳಗೆ ಎರಡು ತಂತಿ ಜಾಲರಿಗಳ ನಡುವೆ ಉಣ್ಣೆಯ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಇಡಬೇಕು. ಜಾಲರಿಯ ಕತ್ತರಿಸಿದ ಅಂಚುಗಳನ್ನು ಮಡಚಿ ಬೆಸುಗೆ ಹಾಕಿಸುವುದನ್ನು ಮರೆಯಬಾರದು. ಕಳಚಿದ ಒಂದೇ ಒಂದು ತಂತಿಯ ಚೂರು ಒಳಗೆ ಹೋದರೂ ಮರಳಿಗಿಂತ ಹೆಚ್ಚಿನ ಹಾನಿಯಾಗುತ್ತದೆ. ಕಾರ್ಬೊರೇಟರ್ ಕಡೆಯ ಜಾಲರಿ ಸಣ್ಣ ಕಣ್ಣಿನದಾಗಿರಲಿ. ಎಂಜಿನ್ ಹಿಮ್ಮುಖವಾಗಿ ಸಿಡಿದಾಗ ಬರುವ ಜ್ವಾಲೆ ಎಣ್ಣೆ ಹೀರಿದ ಫೆಲ್ಟಿಗೆ ತಾಗದಂತೆ ತಡೆಯುವುದು ಅದೇ.

ಫೆಲ್ಟನ್ನು ಎಂಜಿನ್ ಆಯಿಲ್‌ನಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಬೇಕು. ಒಣ ಬಟ್ಟೆಯಲ್ಲಿ ನುಸುಳಿಹೋಗುವ ನುಣ್ಣನೆಯ ದೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ. ಅಮೆರಿಕನ್ನರ ಹಾರ್ಲೆ ಡಬ್ಲ್ಯುಎಲ್‌ಎ ಬೈಕಿನ ಆಯಿಲ್ ಬಾತ್ ಫಿಲ್ಟರ್ ದೂಳು ಹಿಡಿಯುತ್ತಿದ್ದುದೂ ಎಣ್ಣೆಯಿಂದಲೇ. ಎಣ್ಣೆ ಹೆಚ್ಚಾದರೆ ಮಾತ್ರ ಉಸಿರು ಕಟ್ಟಿ, ಪೆಟ್ರೋಲಿನ ಪ್ರಮಾಣ ಏರಿ, ಪ್ಲಗ್ಗಿಗೆ ಕಪ್ಪು ಮಸಿ ಕೂರುತ್ತದೆ; ಆಗ ಇನ್ನಷ್ಟು ಹಿಂಡಿ ನೋಡಿ, ಸಾಲದಿದ್ದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಮೇನ್ ಜೆಟ್ಟನ್ನು ಒಂದು ಅಳತೆ ಕಿರಿದು ಮಾಡಬೇಕು.

ಕೊನೆಯದು ಡಬ್ಬದಿಂದ ಕಾರ್ಬೊರೇಟರಿಗೆ ಹೋಸ್ ಜೋಡಣೆ. ಬಹಳ ಮಂದಿ ಫೆಲ್ಟಿನ ಮೇಲೆ ಫೆಲ್ಟ್ ಹಾಕಿ ಕೀಲುಗಳನ್ನು ಸಡಿಲ ಬಿಡುತ್ತಾರೆ. ಗಾಳಿ ಸುಲಭದ ದಾರಿ ಹುಡುಕುವುದರಿಂದ, ಕ್ಲಿಪ್ಪಿನ ಕೆಳಗಿನ ಸಣ್ಣ ಸಂದಿಯೂ ಫಿಲ್ಟರನ್ನು ಅಲಂಕಾರದ ವಸ್ತುವನ್ನಾಗಿಸುತ್ತದೆ. ಪೆಟ್ರೋಲ್ ತಾಗಿದರೂ ಮೆತ್ತಗಾಗದ, ಎಳೆತಕ್ಕೆ ಚಪ್ಪಟೆಯಾಗದ ದಪ್ಪ ಹೋಸ್ ಬಳಸಿ, ಎರಡೂ ತುದಿಗೆ ಕ್ಲಿಪ್ ಬಿಗಿಯಬೇಕು.

ಜೋಡಣೆ ಸರಿಯಿದೆಯೇ ಎಂದು ತಿಳಿಯಲು, ಹೋಸಿನ ಒಳಮೈಗೆ ಬಿಳಿಯ ಗ್ರೀಸ್ ತೆಳ್ಳಗೆ ಸವರಿ, ದೂಳಿನ ದಾರಿಯಲ್ಲಿ ಸುಮಾರು 50 ಕಿ.ಮೀ. ಓಡಿಸಿ ಬನ್ನಿ. ಹೋಸ್ ಕಳಚಿ, ಗ್ರೀಸನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡಿ. ಬೆಣ್ಣೆಯಂತೆ ಜಾರಿದರೆ ಸರಿ. ಮರಳಿನಂತೆ ಕರಕರ ಎಂದರೆ ಕ್ಲಿಪ್ಪುಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕು.