ಅಲ್ಟ್ರಾಮ್ಯಾನ್: ಮೊದಲು ಮೃಗವನ್ನು ನೋಡಿ

ಅಲ್ಟ್ರಾಮ್ಯಾನ್ ಅಂದರೆ ದೈತ್ಯ ಮೃಗಗಳ ಜೊತೆ ಹೋರಾಡುವ ದೈತ್ಯ ನಾಯಕನ ಜಪಾನಿ ಟಿವಿ ಕಥೆ. ಸರಣಿಗಳು ಇಷ್ಟೊಂದಿವೆ, ಎಲ್ಲಿಂದ ಶುರು ಮಾಡೋದು ಅಂತ ತುಂಬ ಜನ ಕೇಳುತ್ತಾರೆ. ನಾನು 1966ರ ಮೊದಲ ಸರಣಿಯನ್ನೇ ಹಿಡಿದೆ. ಒಟ್ಟು 39 ಕಂತು. ಒಂದೊಂದೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಕಥೆಯೂ ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತದೆ. ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಹಾಗಾಗಿ ಇದೇ ಅನುಕೂಲ. ರಾತ್ರಿ ಊಟ ಆದ ಮೇಲೆ ಒಂದು ಕಂತು, ಅಷ್ಟೇ.

"ಚಿಕ್ಕಪ್ಪ, ಆ ಮೃಗದ ಒಳಗಡೆ ಮನುಷ್ಯ ಇದಾನೆ ಅಲ್ವಾ?" ಅಂದ ಅಣ್ಣನ ಮಗ. ಇದಾನೆ. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸಿಕೊಂಡು ಬಂದಾಗ ಒಳಗೆ ಯಾರು ಅಂತ ಗೊತ್ತಿದ್ದರೂ ಎದೆ ಝಲ್ ಅನ್ನುತ್ತದಲ್ಲ, ಹಾಗೇ ಇದು. ದೈತ್ಯ ಮೃಗದ ಸಿನಿಮಾ ಗಾಡ್ಜಿಲ್ಲಾದ ವಿಶೇಷ ದೃಶ್ಯಗಳಲ್ಲಿ ಕೈಚಳಕ ತೋರಿಸಿದ್ದ ಎಯ್‌ಜಿ ತ್ಸುಬುರಾಯಾ ಅವರ ಕಂಪನಿಯದೇ ಈ ಸರಣಿ. ಪುಟ್ಟ ಮನೆ, ಪುಟ್ಟ ಕಂಬ ಕಟ್ಟಿ, ಕ್ಯಾಮೆರಾವನ್ನು ವೇಗವಾಗಿ ಓಡಿಸಿ ತೆಗೆಯುತ್ತಿದ್ದರು. ತೆರೆಯ ಮೇಲೆ ಎಲ್ಲವೂ ನಿಧಾನವಾಗಿ ಬೀಳುತ್ತದೆ. ಆಗಲೇ ಮೈಗೆ ಭಾರ ಬರೋದು. 10ನೇ ಕಂತಿನ ಮೃಗ ಜಿರಾಸ್‌ನ ಕುತ್ತಿಗೆ ಗಮನಿಸಿ. ಗಾಡ್ಜಿಲ್ಲಾದ ವೇಷಕ್ಕೇ ಸುತ್ತ ಅಗಲವಾದ ಪಟ್ಟಿ ಸೇರಿಸಿದ್ದಾರೆ. ಜಗಳದಲ್ಲಿ ಅಲ್ಟ್ರಾಮ್ಯಾನ್ ಅದನ್ನು ಕಿತ್ತು ಎಸೆಯುತ್ತಾನೆ, ಅಷ್ಟರಲ್ಲಿ ಹಳೇ ಪರಿಚಯದವನು ಎದುರಿಗೆ ನಿಂತಿರುತ್ತಾನೆ! ನಮ್ಮ ಹುಡುಗ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದ.

ನಾಯಕ ಗೆಲ್ಲುವುದು ಹೇಗೂ ಗೊತ್ತಿರುವ ವಿಷಯ. ಭೂಮಿಯ ಮೇಲೆ ಅವನು ಹೋರಾಡಬಲ್ಲದ್ದು ಸುಮಾರು 3 ನಿಮಿಷ, ಸಮಯ ಮುಗಿಯುತ್ತಾ ಬಂದಾಗ ಎದೆಯ ದೀಪ ಕೆಂಪಾಗಿ ಮಿನುಗುತ್ತದೆ. ನಾನು ನೋಡುವುದು ಮೃಗವನ್ನು. ಎಲ್ಲಿಂದ ಬಂತು, ಯಾಕೆ ಸಿಟ್ಟಾಯಿತು?

ಇದಕ್ಕೆ 23ನೇ ಕಂತು ನೋಡಲೇಬೇಕು. ಜಮೀಲಾ ಮೊದಲು ಮನುಷ್ಯ, ಗಗನಯಾತ್ರಿ. ನೀರಿಲ್ಲದ ಗ್ರಹದಲ್ಲಿ ಸಿಕ್ಕಿಬಿದ್ದ. ಅವನ ದೇಶ ವಿಷಯವನ್ನೇ ಮುಚ್ಚಿಟ್ಟಿತು. ಮೈಯೆಲ್ಲ ಬದಲಾಗಿ, ಸೇಡಿಗೆಂದು ವಾಪಸ್ ಬರುತ್ತಾನೆ. ಬೆಂಕಿ ಏನೂ ಮಾಡದ ಆ ಮೈಗೆ ನೀರೇ ವಿಷ. ಅಲ್ಟ್ರಾಮ್ಯಾನ್ ಕೈಯಿಂದ ನೀರು ಸುರಿಯುತ್ತಾನೆ. ಜಮೀಲಾ ಕೆಸರಿನಲ್ಲಿ ಹೊರಳಾಡಿ ಮಗುವಿನ ದನಿಯಲ್ಲಿ ಅಳುತ್ತಾನೆ. ಹೊರಗೆ ನಮ್ಮ ಹೆಂಚಿನ ಮೇಲೆ ಆಷಾಢದ ಮಳೆ ಹೊಡೀತಾ ಇತ್ತು. ನನಗಂತೂ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಮಕ್ಕಳಿಗೆಂದು ಮಾಡಿದ ಸರಣಿಯಲ್ಲಿ ಇಂಥ ಕಥೆ ಹೇಳಲು ಎಷ್ಟು ಧೈರ್ಯ ಬೇಕು!

ಈ ಕಂತನ್ನು ಮೊದಲ ದಿನವೇ ನೋಡಬೇಡಿ. ಒಂದಷ್ಟು ಸಾದಾ ಹೊಡೆದಾಟ ನೋಡಿ ಅಭ್ಯಾಸ ಆಗಲಿ, ಆಗಲೇ ಇದರ ಪೆಟ್ಟು ಜಾಸ್ತಿ. ಆಮೇಲೆ 35ನೇ ಕಂತಿನ ಸೀಬೋಜು. ಸತ್ತ ಮೃಗಗಳ ಸ್ಮಶಾನದಿಂದ ಜಾರಿ ಭೂಮಿಗೆ ಬಿದ್ದ ಪ್ರಾಣಿ ಅದು, ಯಾರಿಗೂ ಕೇಡು ಬಯಸುವುದಿಲ್ಲ. ಅದನ್ನು ವಾಪಸ್ ಕಳಿಸಲು ಎಲ್ಲರೂ ಒದ್ದಾಡುವುದೇ ಕಥೆ. ಹುಡುಗನಿಗೆ ಜಿರಾಸ್ ಇಷ್ಟ, ನನಗೆ ಇದು. ಈಗ ಇಬ್ಬರೂ ಸೇರಿ ಇದೇ ಸಾಲಿನ 1967ರ ಸರಣಿ ಅಲ್ಟ್ರಾಸೆವೆನ್ ಹಾಕಿದ್ದೇವೆ.