ಚೆಫಲೂ ಊರಿನಲ್ಲಿ ಏಳು ದಿನದ ಬಾಡಿಗೆ ಮನೆ

ಇಟಲಿಯ ಸಿಸಿಲಿ ದ್ವೀಪದ ಉತ್ತರ ಕರಾವಳಿಯಲ್ಲಿ ಚೆಫಲೂ ಎಂಬ ಸಣ್ಣ ಊರಿದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ನಾನು, ನನ್ನ ಪತ್ನಿ, ಇಬ್ಬರು ಮಕ್ಕಳು ಮತ್ತು ಎಪ್ಪತ್ತೆರಡು ವರ್ಷದ ಅಮ್ಮ ಬೆಂಗಳೂರಿನಿಂದ ಹೋಗಿ ಅಲ್ಲಿ ಒಂದು ವಾರ ಬಾಡಿಗೆ ಮನೆಯಲ್ಲಿ ಉಳಿದಿದ್ದೆವು. ಹೋಟೆಲ್ ಬೇಡವೆಂದು ತೀರ್ಮಾನಿಸಲು ಮುಖ್ಯ ಕಾರಣ ಅಡುಗೆಮನೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ, ದಿನಕ್ಕೊಮ್ಮೆಯಾದರೂ ಅನ್ನ ಸಾರು ಇಲ್ಲದಿದ್ದರೆ ಅವರಿಗೆ ಊಟ ಮಾಡಿದಂತೆಯೇ ಆಗುವುದಿಲ್ಲ.

ಇಟಲಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾದ ಅರ್ಜಿಯೊಡನೆ ವಸತಿಯ ದಾಖಲೆಯನ್ನೂ ಕೊಡಬೇಕಾದ್ದರಿಂದ, ವೀಸಾ ಸಿಗದಿದ್ದರೆ ಹಣ ಕಳೆದುಕೊಳ್ಳದೆ ರದ್ದುಮಾಡಬಹುದಾದ ಮನೆಗಳನ್ನಷ್ಟೇ ನೋಡಿದೆ. ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪ್ರತಿ ಮನೆಗೂ ರಾಷ್ಟ್ರೀಯ ಗುರುತಿನ ಸಂಖ್ಯೆಯೊಂದಿರಬೇಕು, ಅದು ಜಾಹೀರಾತಿನಲ್ಲೂ ಕಾಣಬೇಕು ಎಂಬ ನಿಯಮ 2025ರ ಜನವರಿಯಿಂದ ಬಿಗಿಯಾಗಿ ಜಾರಿಯಲ್ಲಿದೆ. ಆ ಸಂಖ್ಯೆ ಇಲ್ಲದ ಎರಡು ಅಗ್ಗದ ಮನೆಗಳನ್ನು ಹಾಗಾಗಿ ಬಿಟ್ಟೆ. ಇಷ್ಟೆಲ್ಲ ಜಾಗರೂಕತೆ ತೋರಿಸಿದ ನಾನು ಜಾಹೀರಾತಿನ ಕೊನೆಯ ಸಾಲನ್ನು ಮಾತ್ರ ಓದಿರಲಿಲ್ಲ. ಮನೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅಲ್ಲಿಯವರೂ ನಮ್ಮಂತೆಯೇ ನೆಲಮಹಡಿಯನ್ನು ಬಿಟ್ಟು ಎಣಿಸುತ್ತಾರೆ. ಒಟ್ಟು ಅರವತ್ತನಾಲ್ಕು ಮೆಟ್ಟಿಲು, ಕಡಿದಾದವು, ಮತ್ತು ಅಮ್ಮನಿಗೆ ಮೊದಲೇ ಮಂಡಿನೋವು.

ಮೊದಲ ದಿನ ಹತ್ತುವಾಗ ಅಮ್ಮ ಎರಡು ಕಡೆ ಕುಳಿತು ಸುಧಾರಿಸಿಕೊಂಡರು. "ದಿನಕ್ಕೆ ಒಂದೇ ಸಲ ಇಳಿಯುತ್ತೇನೆ ಕಣೋ, ಅದಕ್ಕೆ ತಕ್ಕ ಹಾಗೆ ಏನು ತೋರಿಸುತ್ತೀಯೋ ತೋರಿಸು" ಎಂದರು. ನಮ್ಮ ವಾರದ ಕಾರ್ಯಕ್ರಮ ನಿಗದಿಯಾದದ್ದು ಆ ಮಾತಿನಿಂದಲೇ.

ಮನೆಯೊಡತಿ ಬಾಗಿಲಲ್ಲೇ ಎಲ್ಲರ ಪಾಸ್‌ಪೋರ್ಟ್ ನೋಡಿ ವಿವರ ಬರೆದುಕೊಂಡರು. ಅತಿಥಿಗಳು ಬಂದ 24 ಗಂಟೆಯೊಳಗೆ ಪೊಲೀಸರಿಗೆ ವರದಿ ಮಾಡುವುದು ಅಲ್ಲಿನ ಕಾನೂನು. ಪ್ರವಾಸಿ ತೆರಿಗೆಯನ್ನು ತಲೆಗಿಷ್ಟು, ರಾತ್ರಿಗಿಷ್ಟು ಎಂಬ ಲೆಕ್ಕದಲ್ಲಿ ನಗದಾಗಿ ಪಡೆದು ರಸೀದಿ ಕೊಟ್ಟರು. ಆಮೇಲೆ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕಸದ ಕ್ಯಾಲೆಂಡರನ್ನು, ಮನೆಯಲ್ಲಿ ಅದಕ್ಕಿಂತ ಮುಖ್ಯವಾದುದು ಬೇರೇನೂ ಇಲ್ಲವೆಂಬಂತೆ, ಬೆರಳಿಟ್ಟು ವಿವರಿಸಿದರು. ಹಸಿಕಸಕ್ಕೊಂದು ದಿನ, ಪ್ಲಾಸ್ಟಿಕ್ಕಿಗೊಂದು ದಿನ, ಕಾಗದಕ್ಕೆ, ಗಾಜಿಗೆ ಬೇರೆ ಬೇರೆ ದಿನ. ತಪ್ಪು ದಿನ ಇಟ್ಟ ಚೀಲ ಬಾಗಿಲಲ್ಲೇ ಉಳಿಯುತ್ತದೆ.

ಅವರು ಹೇಳದೆ ಬಿಟ್ಟದ್ದು ವಿದ್ಯುತ್ತಿನ ವಿಷಯ. ಎರಡನೆಯ ರಾತ್ರಿ ಎ.ಸಿ. ಓಡುತ್ತಿತ್ತು, ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿತ್ತು, ಪತ್ನಿ ಇಂಡಕ್ಷನ್ ಒಲೆಯ ಮೇಲೆ ಅನ್ನಕ್ಕಿಟ್ಟ ಕೂಡಲೇ ಇಡೀ ಮನೆ ಕತ್ತಲಾಯಿತು. ಇಟಲಿಯ ಸಾಮಾನ್ಯ ಮನೆಗಳಿಗೆ ಮಂಜೂರಾಗಿರುವುದು 3 ಕಿಲೋವ್ಯಾಟ್. ಅದನ್ನು ಸಾಕಷ್ಟು ಮೀರಿದರೆ ಮೀಟರೇ ಸರಬರಾಜನ್ನು ಕಡಿದುಬಿಡುತ್ತದೆ, ಮತ್ತು ನಮ್ಮ ಮೀಟರ್ ಇದ್ದದ್ದು ನೆಲಮಹಡಿಯ ಪೆಟ್ಟಿಗೆಯಲ್ಲಿ. ಮೊಬೈಲ್ ಟಾರ್ಚ್ ಹಿಡಿದು ಅರವತ್ತನಾಲ್ಕು ಮೆಟ್ಟಿಲಿಳಿದು, ಐದು ಮೀಟರುಗಳಲ್ಲಿ ನಮ್ಮದು ಯಾವುದೆಂದು ಹುಡುಕಿ, ಸ್ವಿಚ್ ಮೇಲಕ್ಕೆತ್ತಿ ಬಂದೆ. ಮರುದಿನದಿಂದ ಒಲೆ ಉರಿಯುವಾಗ ಎ.ಸಿ. ಬಂದ್.

ಅಡುಗೆಯೂ ಮೊದಲ ದಿನವೇ ಕೂಡಿಬರಲಿಲ್ಲ. ಯುರೋಪಿನ ಒಕ್ಕೂಟದೊಳಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲವಾದ್ದರಿಂದ ತುಪ್ಪವನ್ನು ಮನೆಯಲ್ಲೇ ಬಿಟ್ಟು, ಸಾರಿನ ಪುಡಿ, ತೊಗರಿಬೇಳೆ, ಹುಣಸೆಹಣ್ಣು ಮಾತ್ರ ತಂದಿದ್ದೆವು. ಅಲ್ಲಿನ ಅಂಗಡಿಯಲ್ಲಿ ಕೈಗೆ ಸಿಕ್ಕ ಆರ್ಬೋರಿಯೋ ಅಕ್ಕಿ ರಿಸೊಟ್ಟೊ ಎಂಬ ತಿನಿಸಿಗೆ ಹೇಳಿಮಾಡಿಸಿದ್ದು, ಅನ್ನ ಮಾಡಿದರೆ ಮುದ್ದೆಯಾಗುತ್ತದೆ. ಪಾರ್ಬಾಯಿಲ್ಡ್ ಎಂದು ಬರೆದ ಪೊಟ್ಟಣ, ಅಂದರೆ ನಮ್ಮ ಕುಸುಬಲಕ್ಕಿಯ ಜಾತಿಯದು, ಉದುರುದುರಾಗಿ ಬೆಂದಿತು. ಅಮ್ಮ ಹೊರಗೆ ಮನಸಾರೆ ತಿಂದದ್ದು ಪನೆಲ್ಲೆ ಒಂದನ್ನೇ. ಅದು ಕಡಲೆಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ, ತೆಳ್ಳಗೆ ಹರಡಿ, ಕತ್ತರಿಸಿ ಕರಿದ ತಿನಿಸು.

ಬೆಳಿಗ್ಗೆ ಒಂಬತ್ತಕ್ಕೆ ಇಳಿದು ಊಟದ ಹೊತ್ತಿಗೆ ಹತ್ತುವ ಈ ಕ್ರಮಕ್ಕೆ ಚೆಫಲೂ ಚೆನ್ನಾಗಿ ಹೊಂದಿತು. ಆಗ ಸಿಸಿಲಿಯನ್ನು ಆಳುತ್ತಿದ್ದ ನಾರ್ಮನ್ ದೊರೆ ಎರಡನೆಯ ರೋಜರ್ 1131ರಲ್ಲಿ ಕಟ್ಟಲಾರಂಭಿಸಿದ ಕೆಥೆಡ್ರಲ್ ಮನೆಯಿಂದ ಐದು ನಿಮಿಷದ ನಡಿಗೆ. ಅದರ ಗರ್ಭಭಾಗದ ಅರ್ಧಗುಮ್ಮಟದಲ್ಲಿ ಚಿನ್ನದ ಹಿನ್ನೆಲೆಯ ಮೊಸಾಯಿಕ್ ಕ್ರಿಸ್ತನಿದ್ದಾನೆ. ಕೈಯಲ್ಲಿರುವ ಗ್ರಂಥದ ಒಂದು ಪುಟದಲ್ಲಿ ಗ್ರೀಕ್, ಇನ್ನೊಂದರಲ್ಲಿ ಲ್ಯಾಟಿನ್, ಎರಡೂ "ನಾನೇ ಲೋಕದ ಬೆಳಕು" ಎಂಬ ಒಂದೇ ವಾಕ್ಯ. ಎರಡು ಭಾಷೆಯ ಪ್ರಜೆಗಳಿಗೂ ಸಲ್ಲುವಂತೆ ಬರೆಸಿದ ಜಾಣತನ ನನಗೆ ಆ ಚಿನ್ನಕ್ಕಿಂತ ಹೆಚ್ಚು ಹಿಡಿಸಿತು.

ಅಮ್ಮನಿಗೆ ಹಿಡಿಸಿದ್ದು ಮಧ್ಯಯುಗದ ಬಟ್ಟೆ ಒಗೆಯುವ ಕಟ್ಟೆ. ರಸ್ತೆಯಿಂದ ಕೆಲವು ಮೆಟ್ಟಿಲಿಳಿದರೆ ಕಲ್ಲಿನ ತೊಟ್ಟಿಗಳ ಸಾಲು ಸಿಗುತ್ತದೆ, ಅವುಗಳಿಗೆ ಗೋಡೆಯ ಸಿಂಹಮುಖಗಳ ಬಾಯಿಂದ ಚೆಫಲೀನೊ ಹೊಳೆಯ ನೀರು ಬೀಳುತ್ತದೆ. ಒಗೆಯುವ ಕಲ್ಲಿನ ಓರೆಯನ್ನು ಅಂಗೈಯಿಂದ ಸವರಿ, "ನಮ್ಮೂರ ಹೊಳೆಯ ಕಲ್ಲೂ ಹೀಗೇ ಸವೆದಿತ್ತು" ಎಂದ ಅಮ್ಮ ಅಲ್ಲೇ ಮುಕ್ಕಾಲು ಗಂಟೆ ಕುಳಿತರು. ಆ ಹೊತ್ತಿನಲ್ಲಿ ಮಕ್ಕಳನ್ನು ಕರೆದುಕೊಂಡು ನಾನು ಮಾಂದ್ರಾಲಿಸ್ಕಾ ಮ್ಯೂಸಿಯಂಗೆ ಹೋಗಿ, ಸಿಸಿಲಿಯ ಚಿತ್ರಕಾರ ಅಂತೊನೆಲ್ಲೊ ದ ಮೆಸ್ಸೀನಾ ಬರೆದ ಅಜ್ಞಾತ ಪುರುಷನ ಸಣ್ಣ ಭಾವಚಿತ್ರವನ್ನು ನೋಡಿ ಬಂದೆ. ಸುಮಾರು 30 ಸೆಂಟಿಮೀಟರ್ ಎತ್ತರದ ಆ ಹಲಗೆಯ ಮೇಲಿನ ಮುಖ ನಗುತ್ತಿದೆಯೋ, ಅಣಕಿಸುತ್ತಿದೆಯೋ ಎಂದು ಮಕ್ಕಳು ಸಂಜೆಯವರೆಗೂ ವಾದಿಸಿದರು.

ಮಧ್ಯಾಹ್ನ ಅಂಗಡಿಗಳು ಮುಚ್ಚಿ ಊರು ಮಲಗಿದ ಮೇಲೆ ಮಕ್ಕಳ ಜೊತೆ ಕಡಲತೀರ. ಸೆಪ್ಟೆಂಬರಿನಲ್ಲೂ ನೀರು ಬೆಚ್ಚಗಿತ್ತು. ಊರಿನ ಬೆನ್ನಿಗಿರುವ ಸುಮಾರು 270 ಮೀಟರ್ ಎತ್ತರದ ಲಾ ರೊಕ್ಕಾ ಬಂಡೆಯನ್ನು ಮಾತ್ರ ಬಿಸಿಲೇರುವ ಮೊದಲೇ ಹತ್ತಬೇಕು, ದಾರಿಯಲ್ಲಿ ನೆರಳು ಕಡಿಮೆ.

ಆರನೆಯ ದಿನ ಅಮ್ಮ ಇಳಿಯುವುದಿಲ್ಲವೆಂದರು. ಪತ್ನಿ ಅವರ ಜೊತೆ ಉಳಿದಳು, ನಾನು ಮಕ್ಕಳೊಡನೆ ಬಸ್ಸಿನಲ್ಲಿ ಮದೊನಿಯೆ ಬೆಟ್ಟಗಳ ಕಾಸ್ತೆಲ್‌ಬುವೊನೊ ಊರಿಗೆ ಹೋದೆ. ಅಲ್ಲಿ ಬೇಸಿಗೆಯಲ್ಲಿ ಆ್ಯಶ್ ಮರದ ತೊಗಟೆ ಸೀಳಿ, ಒಸರುವ ರಸ ಬಿಸಿಲಿಗೆ ಒಣಗಿ ಬಿಳಿ ಕಡ್ಡಿಯಾದಾಗ ಮನ್ನಾ ಎಂದು ಸಂಗ್ರಹಿಸುತ್ತಾರೆ. ಸಂಜೆ ಒಂದು ಚೂರು ಬಾಯಿಗಿಟ್ಟ ಅಮ್ಮ, "ಸಿಹಿ ಕಡಿಮೆ, ಔಷಧಿಯೇ ಇರಬೇಕು" ಎಂದರು. ಮನ್ನಾವನ್ನು ಹಿಂದಿನಿಂದಲೂ ಮಲಬದ್ಧತೆಗೆ ಕೊಡುತ್ತ ಬಂದಿದ್ದಾರೆಂದು ಅಂಗಡಿಯವರೂ ಹೇಳಿದ್ದರು.

ಹೊರಡುವ ಬೆಳಿಗ್ಗೆ ಸೂಟ್‌ಕೇಸುಗಳನ್ನು ಎರಡು ಸರದಿಯಲ್ಲಿ ಇಳಿಸಿ, ಆಮೇಲೆ ಅಮ್ಮನನ್ನು ಕೈಹಿಡಿದು ಕರೆತಂದೆ. ಕ್ಯಾಲೆಂಡರಿನ ಪ್ರಕಾರ ಅಂದು ಗಾಜಿನ ಸರದಿ. ಉಳಿದ ಹಸಿಕಸದ ಚೀಲವನ್ನು ಏನು ಮಾಡಲಿ ಎಂದು ಕೇಳಿದಾಗ ಮನೆಯೊಡತಿ ನಿಟ್ಟುಸಿರು ಬಿಟ್ಟು, ಅದನ್ನು ತಾವೇ ಮನೆಗೊಯ್ದರು.